ಪಿಕಪ್‌ಗೆ ಕಮ್ಮಿ ರೇಟಿನ ಆಯಿಲ್ ಫಿಲ್ಟರ್: ಯಾವುದನ್ನ ನಂಬಬಹುದು, ಯಾವುದನ್ನ ಮುಟ್ಟಬಾರದು

ಟೇಬಲ್ ಮೇಲೆ ಮೂರು ಆಯಿಲ್ ಫಿಲ್ಟರ್ ಇಟ್ಟಿದೀನಿ. ಮೂರೂ ಒಂದೇ ಗಾಡಿಗೆ, ಬೊಲೆರೊ ಪಿಕಪ್‌ಗೆ. ಎಡಗಡೆದು ಮಹೀಂದ್ರ ಬಾಕ್ಸಲ್ಲಿ ಬಂದಿದ್ದು. ಮಧ್ಯದ್ದು ಹೆಸರಿರೋ ಫಿಲ್ಟರ್ ಕಂಪನಿದು, ಹೊರಗಿನ ಸ್ಪೇರ್ಸ್ ಅಂಗಡೀಲಿ ಸಿಗುತ್ತೆ. ಬಲಗಡೆದು ಲೋಕಲ್ ಮಾಲು, ಬಾಕ್ಸ್ ಮೇಲೆ ತಯಾರು ಮಾಡಿದೋರ ವಿಳಾಸ ಕೂಡ ಇಲ್ಲ. ಬಾಕ್ಸ್ ತೆಗೆದು ಕೈಗೆ ಕೊಟ್ರೆ ಯಾವುದು ಯಾವುದು ಅಂತ ಹೇಳೋದು ಕಷ್ಟ. ಹಾಗೆ ನೋಡಿದ್ರೆ ಪೇಂಟು, ಹೊಳಪು ಎಲ್ಲ ಸೂಪರ್ ಆಗಿರೋದು ಆ ಲೋಕಲ್‌ದೇ.

ರೇಟ್ ಹೇಳ್ಬಿಡ್ತೀನಿ, ಎಲ್ಲರೂ ಮೊದಲು ಕೇಳೋದು ಅದನ್ನೇ. ಲೋಕಲ್ ಮಾಲು 150 ರೂಪಾಯಿ ಒಳಗೆ ಬರುತ್ತೆ. ಮಧ್ಯದ್ದು 300ರ ಆಸುಪಾಸು. ಕಂಪನಿ ಬಾಕ್ಸಿಂದು ಅದಕ್ಕಿಂತ ಸ್ವಲ್ಪ ಮೇಲೆ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇರುತ್ತೆ, ಚೌಕಾಸಿ ನಿಮಗೆ ಬಿಟ್ಟಿದ್ದು. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳಿಗೆಲ್ಲ ಶೇಕಡ 18 ಜಿಎಸ್‌ಟಿ ಒಂದೇ ದರ ಆಗಿದೆ. ಬಿಲ್ ಕೈಗೆ ಬಂದಾಗ ಅಷ್ಟೇ ಹಾಕಿದಾರಾ ನೋಡ್ಕೊಳ್ಳಿ. ಬಿಲ್ಲೇ ಕೊಡಲ್ಲ ಅಂದ್ರೆ ಆ ಅಂಗಡಿ ಬಿಡಿ, ಪಕ್ಕದಲ್ಲಿ ಇನ್ನೊಂದು ಇದ್ದೇ ಇರುತ್ತೆ.

ನಾನು ತಗೊಳ್ಳೋದು ಹೆಚ್ಚಾಗಿ ಬೆಂಗಳೂರಿನ ಜೆ.ಸಿ. ರೋಡಲ್ಲಿ. ಕೋಲಾರದಿಂದ ಲೋಡ್ ತಂದು ಕಲಾಸಿಪಾಳ್ಯದಲ್ಲಿ ಇಳಿಸಿದ್ರೆ ಅಲ್ಲಿಂದ ನಡ್ಕೊಂಡೇ ಹೋಗೋ ದೂರ. ಟೊಮೇಟೊ ಸೀಸನ್ನಲ್ಲಿ ಗಾಡಿ ನಿಲ್ಲೋದೇ ಇಲ್ಲ, ಸರ್ವೀಸ್ ಸೆಂಟರ್‌ಗೆ ಬಿಟ್ಟು ಒಂದು ದಿನ ಕಳೆದ್ರೆ ಬಾಡಿಗೆ ಹೋಯ್ತು. ಅದಕ್ಕೇ ನಮ್ಮಲ್ಲಿ ಬಹಳ ಜನ ಹೊರಗಡೆನೇ ಆಯಿಲ್ ಸರ್ವೀಸ್ ಮಾಡಿಸ್ತಾರೆ, ಇಲ್ಲಾ ಮನೆ ಮುಂದೆ ತಾವೇ ಮಾಡ್ಕೊಳ್ತಾರೆ. ತಪ್ಪೇನಿಲ್ಲ. ಆದ್ರೆ ಗಾಡಿ ವಾರಂಟಿಲಿದ್ರೆ ಸುಮ್ನೆ ಕಂಪನಿ ಫಿಲ್ಟರೇ ಹಾಕಿಸಿ, ಬಿಲ್ ಜೋಪಾನ ಮಾಡಿ. ನಾಳೆ ಎಂಜಿನ್‌ಗೆ ಏನಾದ್ರೂ ಆಗಿ ಕ್ಲೇಮ್ ಮಾಡೋಕೆ ಹೋದಾಗ ನೂರು ರೂಪಾಯಿ ವಿಷಯಕ್ಕೆ ವಾದ ಮಾಡ್ತಾ ಕೂರೋದು ಬೇಡ.

ಅಂಗಡೀಲಿ ಕೇಳೋದನ್ನ ಸರಿಯಾಗಿ ಕೇಳಿ. "ಬೊಲೆರೊ ಫಿಲ್ಟರ್ ಕೊಡಿ" ಅಂದ್ರೆ ಸಾಕಾಗಲ್ಲ. ಮನೆಗೆ ಓಡಿಸೋ ಬೊಲೆರೊದಲ್ಲಿ ಈಗ ಇರೋದು ಒಂದೂವರೆ ಲೀಟರ್, ಮೂರು ಸಿಲಿಂಡರ್ ಎಂಹಾಕ್ ಎಂಜಿನ್. 2016ರಲ್ಲಿ ಪವರ್ ಪ್ಲಸ್ ಅಂತ ಮಾಡೆಲ್ ಬಂತಲ್ಲ, ಅಲ್ಲಿಂದ ಶುರು. ಪಿಕಪ್‌ನಲ್ಲಿರೋದು ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್, ಎಂ2ಡಿಐಸಿಆರ್ ಅನ್ನೋ ಎಂಜಿನ್. ಅದಕ್ಕೂ ಹಳೇ ಪಿಕಪ್‌ನಲ್ಲಿ ಬರೀ ಡಿಐ ಅನ್ನೋ ಎಂಜಿನ್. ಹೆಸರು ಒಂದೇ, ಎಂಜಿನ್ ಬೇರೆ ಬೇರೆ. ಎಂಜಿನ್ ಹೆಸರು, ಗಾಡಿ ಯಾವ ವರ್ಷದ್ದು, ಸಾಧ್ಯವಾದ್ರೆ ಚಾಸಿ ನಂಬರ್ ಹೇಳಿ. ಹಳೇ ಫಿಲ್ಟರ್ ಕೈಲಿ ಹಿಡ್ಕೊಂಡು ಹೋದ್ರೆ ಇನ್ನೂ ಒಳ್ಳೇದು. ಆದ್ರೆ ಥ್ರೆಡ್ ಕೂತ್ಕೊಳ್ತು, ರಬ್ಬರ್ ರಿಂಗ್ ಸೈಜು ಸರಿ ಇದೆ ಅಂದ ಮಾತ್ರಕ್ಕೆ ಅದು ನಿಮ್ಮ ಎಂಜಿನ್‌ದೇ ಅಂತ ಅಲ್ಲ. ಹೊರಗಡೆ ಅಳತೆ ಒಂದೇ ಇದ್ದು ಒಳಗಿನ ವಾಲ್ವ್ ಬೇರೆ ಇರೋ ಫಿಲ್ಟರ್‌ಗಳು ಬೇಕಾದಷ್ಟಿವೆ. ಪಾರ್ಟ್ ನಂಬರ್ ಕ್ಯಾಟಲಾಗ್‌ನಲ್ಲಿ ತೋರಿಸಿ ಅಂತ ಕೇಳಿ, ಒಳ್ಳೆ ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ.

ಈಗ ಕತ್ತರಿಸೋಣ. ಗ್ಯಾಸ್ಕೆಟ್, ಅಂದ್ರೆ ಬಾಯಿ ಸುತ್ತ ಇರೋ ರಬ್ಬರ್ ರಿಂಗ್, ಅದರ ಪಕ್ಕ ಇರೋ ಮಡಚಿದ ಅಂಚಿನ ಮೇಲೆ ಫಿಲ್ಟರ್ ಕಟ್ಟರ್ ಹಾಕಿ ತಿರುಗಿಸ್ತಾ ಇದೀನಿ. ಹ್ಯಾಕ್ಸಾ ಬ್ಲೇಡಲ್ಲೂ ಆಗುತ್ತೆ, ಆದ್ರೆ ಕಬ್ಬಿಣದ ಪುಡಿ ಒಳಗೆಲ್ಲ ಬೀಳುತ್ತೆ. ಹೊಸ ಫಿಲ್ಟರ್ ನೋಡೋಕೆ ಅದು ಅಡ್ಡಿಯಿಲ್ಲ. ಓಡಿದ ಫಿಲ್ಟರ್ ಬಿಚ್ಚಿ ಎಂಜಿನ್ ಏನು ಉದುರಿಸಿದೆ ಅಂತ ನೋಡೋದಾದ್ರೆ ಆ ಪುಡಿ ಯಾವುದು, ಈ ಪುಡಿ ಯಾವುದು ಗೊತ್ತಾಗಲ್ಲ.

ಮೊದಲು ಕಂಪನಿದು. ಪೇಪರ್ ಮಡಿಕೆಗಳು ನೋಡಿ, ಒಂದಕ್ಕೊಂದು ಸಮ ಅಂತರದಲ್ಲಿ ನಿಂತಿವೆ. ಮೇಲೆ ಕೆಳಗೆ ತಗಡಿನ ಕ್ಯಾಪು, ಅದರೊಳಗೆ ಅಂಟು ಸುತ್ತಲೂ ತುಂಬಿದೆ. ಪೇಪರಿನ ಎರಡು ತುದಿ ಸೇರೋ ಜಾಗ ಗಟ್ಟಿಯಾಗಿ ಕೂತಿದೆ, ಉಗುರು ಹಾಕಿದ್ರೂ ಬಿಡಲ್ಲ. ಮಧ್ಯದ್ದು ಬಿಚ್ಚಿದೆ. ಮಡಿಕೆ ಹೆಚ್ಚುಕಮ್ಮಿ ಅಷ್ಟೇ, ಅಂಟೂ ಸರಿ ಇದೆ, ಕ್ಯಾಪಿನ ಡಿಸೈನ್ ಬೇರೆ, ಅಷ್ಟೇ. ಈಗ ಲೋಕಲ್. ಕ್ಯಾಮೆರಾ ಹತ್ತಿರ ತರ್ತೀನಿ. ಮಡಿಕೆ ಕಮ್ಮಿ, ಅದೂ ಒಂದು ಕಡೆ ಗುಂಪು ಕಟ್ಕೊಂಡಿವೆ, ಇನ್ನೊಂದು ಕಡೆ ಬೆರಳು ತೂರೋಷ್ಟು ಸಂದು. ಇಲ್ಲಿ ನೋಡಿ, ಕ್ಯಾಪಿಗೂ ಪೇಪರಿಗೂ ನಡುವೆ ಅಂಟೇ ಇಲ್ಲದ ಜಾಗ. ಟಾರ್ಚ್ ಬಿಟ್ರೆ ಬೆಳಕು ಆಚೆ ಕಡೆ ಬರ್ತಾ ಇದೆ. ಬೆಳಕು ದಾಟಿದ್ಮೇಲೆ ಆಯಿಲ್‌ಗೇನು ಕಷ್ಟ? ಸೋಸದೇ ನೇರ ಬೇರಿಂಗ್‌ಗೆ ಹೋಗುತ್ತೆ. ಪೇಪರ್ ಎಷ್ಟೇ ಒಳ್ಳೇದಿದ್ರೂ ಆಮೇಲೆ ಲೆಕ್ಕಕ್ಕಿಲ್ಲ.

ರಬ್ಬರ್ ವಾಲ್ವ್‌ಗೆ ಬರ್ತೀನಿ. ಫಿಲ್ಟರ್ ಬಾಯಲ್ಲಿ ಸುತ್ತ ಇರೋ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಹೋಗುತ್ತೆ, ಮಧ್ಯದ ಥ್ರೆಡ್ ಇರೋ ತೂತಿಂದ ಎಂಜಿನ್‌ಗೆ ವಾಪಸ್. ಆ ಸಣ್ಣ ತೂತುಗಳ ಹಿಂದೆ ರಬ್ಬರ್ ಹಾಳೆ ಒಂದು ಇರುತ್ತೆ, ಅದೇ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್. ಎಂಜಿನ್ ಆಫ್ ಆದ್ಮೇಲೆ ಫಿಲ್ಟರ್‌ನಲ್ಲಿರೋ ಆಯಿಲ್ ಸಂಪ್‌ಗೆ, ಅಂದ್ರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಇಳಿದು ಹೋಗದ ಹಾಗೆ ತಡೆಯೋದು ಇದರ ಕೆಲಸ. ಫಿಲ್ಟರ್ ಅಡ್ಡಡ್ಡ ಕೂತಿದ್ರೆ ಇದು ತುಂಬಾ ಮುಖ್ಯ, ಬಾಯಿ ಮೇಲಾಗಿ ನೇತಾಡ್ತಾ ಇದ್ರೆ ಅಷ್ಟಿಲ್ಲ. ರಬ್ಬರ್ ಸೆಡೆತು ಗಟ್ಟಿಯಾದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಆರೋಕೆ ಹೊತ್ತಾಗುತ್ತೆ, ಒಳಗಡೆ ಕಟಕಟ ಸದ್ದು. ನಮ್ಮದು ಟರ್ಬೊ ಇರೋ ಎಂಜಿನ್. ಟರ್ಬೊ ಬೇರಿಂಗ್ ಬದುಕೋದು ಆಯಿಲ್ ಮೇಲೆ, ಅದಕ್ಕೆ ಒಣ ಸ್ಟಾರ್ಟ್ ಆಗಿಬರಲ್ಲ. ಕಪ್ಪು ರಬ್ಬರ್ ಸಾಮಾನ್ಯವಾಗಿ ನೈಟ್ರೈಲ್, ಕಿತ್ತಳೆ ಅಥವಾ ಕೆಂಪು ಬಣ್ಣದ್ದು ಹೆಚ್ಚಾಗಿ ಸಿಲಿಕೋನ್. ಬಿಸಿಗೆ ಸಿಲಿಕೋನ್ ಹೆಚ್ಚು ಬಾಳುತ್ತೆ. ಸಮಯಕ್ಕೆ ಸರಿಯಾಗಿ ಬದಲಿಸ್ತೀರಾದ್ರೆ ನೈಟ್ರೈಲ್ ಸಾಕು. ಬಣ್ಣ ನೋಡಿನೇ ನಂಬಬೇಡಿ, ಬಣ್ಣ ಯಾರು ಬೇಕಾದ್ರೂ ಹಾಕ್ತಾರೆ. ಬೆಂಕಿಕಡ್ಡಿ ತುದಿಯಿಂದ ಆ ತೂತಲ್ಲಿ ಮೆಲ್ಲಗೆ ಒತ್ತಿ, ಬಿಟ್ಟ ತಕ್ಷಣ ರಬ್ಬರ್ ವಾಪಸ್ ಬಂದು ಕೂರಬೇಕು. ಲೋಕಲ್‌ದು ಒತ್ತಿದ್ರೆ ಒತ್ತಿದಲ್ಲೇ ಮಡಚ್ಕೊಂಡು ನಿಂತಿದೆ.

ಇನ್ನೊಂದು ಬೈಪಾಸ್ ವಾಲ್ವ್. ಪೇಪರ್ ಕಟ್ಕೊಂಡಾಗ, ಅಥವಾ ಚಳೀಲಿ ಆಯಿಲ್ ಗಟ್ಟಿಯಾಗಿದ್ದಾಗ, ಎಂಜಿನ್‌ಗೆ ಆಯಿಲ್ಲೇ ಸಿಗದೇ ಇರೋ ಬದಲು ಸೋಸದ ಆಯಿಲಾದ್ರೂ ಸಿಗಲಿ ಅಂತ ತೆರ್ಕೊಳ್ಳೋ ವಾಲ್ವ್ ಅದು. ಕೆರೆ ತುಂಬಿದಾಗ ಏರಿ ಒಡೀಬಾರದು ಅಂತ ಕೋಡಿ ಬಿಟ್ಟಿರ್ತಾರಲ್ಲ, ಹಾಗೆ. ಕೋಡಿ ಎಷ್ಟು ಎತ್ತರಕ್ಕಿರಬೇಕು ಅನ್ನೋದೇ ಇಲ್ಲಿ ಪ್ರಶ್ನೆ. ಎಷ್ಟು ಪ್ರೆಶರ್‌ಗೆ ತೆರೀಬೇಕು ಅಂತ ಎಂಜಿನ್ ಮಾಡಿದೋರು ನಿಗದಿ ಮಾಡಿರ್ತಾರೆ. ಸ್ಪ್ರಿಂಗ್ ಸಡಿಲ ಇದ್ರೆ ವಾಲ್ವ್ ಯಾವಾಗಲೂ ತೆರೆದೇ ಇರುತ್ತೆ, ಕೊಳೆ ಆಯಿಲ್ ಸುತ್ತು ಹೊಡೀತಾನೇ ಇರುತ್ತೆ. ಬಿಗಿ ಜಾಸ್ತಿಯಾದ್ರೆ ತೆರೆಯೋದೇ ಇಲ್ಲ, ಪೇಪರ್ ಹರಿಯುತ್ತೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್‌ನಲ್ಲಿ ಇರಲ್ಲ, ಎಂಜಿನ್ ಕಡೆನೇ ಇರುತ್ತೆ. ಹಾಗಾಗಿ ಫಿಲ್ಟರ್‌ನಲ್ಲಿ ವಾಲ್ವ್ ಕಾಣ್ಲಿಲ್ಲ ಅಂತ ಡೂಪ್ಲಿಕೇಟ್ ಅಂತ ಕೂಗಬೇಡಿ. ಕಂಪನಿ ಫಿಲ್ಟರ್‌ನಲ್ಲಿ ಏನಿದೆಯೋ ಅದು ಇದರಲ್ಲೂ ಇರಬೇಕು, ಲೆಕ್ಕ ಅಷ್ಟೇ.

ಆಮೇಲೆ ಈ ಮೈಕ್ರಾನ್ ಮಾತು, ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. "ಶೇಕಡ 99 ಸೋಸುತ್ತೆ" ಅಂತ ಜಾಹೀರಾತು ನೋಡಿರ್ತೀರ. ಎಷ್ಟು ಮೈಕ್ರಾನ್ ಕಣವನ್ನ ಅಂತ ಕೇಳಿ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ದಪ್ಪದ ಕಣ ಹಿಡಿಯೋಕೆ ದೊಡ್ಡ ಕಲೆ ಬೇಕಾಗಿಲ್ಲ. ಎಂಜಿನ್ ತಿನ್ನೋದು ಅದಕ್ಕಿಂತ ಸಣ್ಣದು. ಫಿಲ್ಟರ್ ಅಳೆಯೋಕೆ ಐಎಸ್‌ಒ 4548-12 ಅಂತ ಒಂದು ಟೆಸ್ಟ್ ಇದೆ, ಅದರ ಫಲಿತಾಂಶದಲ್ಲಿ ಶೇಕಡಾವಾರು ಜೊತೆ ಮೈಕ್ರಾನ್ ಇದ್ದೇ ಇರುತ್ತೆ. ಇಷ್ಟು ಸೂಕ್ಷ್ಮ ಯಾಕೆ ಅಂದ್ರೆ, 1988ರಲ್ಲಿ ಜನರಲ್ ಮೋಟಾರ್ಸ್ ಕಡೆಯಿಂದ ಬಂದ ಒಂದು ಪ್ರಬಂಧದಲ್ಲಿ 40 ಮೈಕ್ರಾನ್ ಫಿಲ್ಟರ್‌ಗೆ ಹೋಲಿಸಿದ್ರೆ 30 ಮೈಕ್ರಾನ್‌ದು ಎಂಜಿನ್ ಸವೆತವನ್ನ ಅರ್ಧಕ್ಕೆ ಇಳಿಸಿತು, 15 ಮೈಕ್ರಾನ್‌ದು ಶೇಕಡ 70ರಷ್ಟು ಇಳಿಸಿತು ಅಂತ ತೋರಿಸಿದ್ರು. ಹಾಗಂತ ಸಿಕ್ಕಾಪಟ್ಟೆ ಸಣ್ಣ ಜರಡಿ ಹಾಕಿದ್ರೆ ಬೇಗ ಕಟ್ಕೊಳ್ಳುತ್ತೆ. ಮಡಿಕೆ ಜಾಸ್ತಿ ಇರೋದರ ಬೆಲೆ ಅಲ್ಲೇ ಗೊತ್ತಾಗೋದು, ಕೊಳೆ ಕೂರೋಕೆ ಜಾಗ ಹೆಚ್ಚು.

"ಅಣ್ಣಾ, ಒಳ್ಳೆ ಫಿಲ್ಟರ್ ಹಾಕಿದೀನಿ, ಆದ್ರೂ ಎರಡೇ ದಿನಕ್ಕೆ ಆಯಿಲ್ ಕಪ್ಪಾಯ್ತು" ಅಂತ ಹೇಳೋರು ಬಹಳ. ಡೀಸೆಲ್ ಅಂದ್ರೆ ಹಾಗೇನೇ. ಡೀಸೆಲ್ ಮಸಿ ಒಂದು ಮೈಕ್ರಾನ್‌ಗಿಂತಲೂ ಸಣ್ಣದು, ಅದನ್ನ ಈ ಪೇಪರ್ ಹಿಡಿಯೋದೇ ಇಲ್ಲ. ಅದನ್ನ ಗಟ್ಟಿ ಕಟ್ಟದ ಹಾಗೆ ತೇಲಿಸಿ ಇಡೋದು ಆಯಿಲ್ ಒಳಗಿರೋ ಕೆಮಿಕಲ್ ಕೆಲಸ. ಬಣ್ಣ ನೋಡಿ ಫಿಲ್ಟರ್‌ಗೆ ಬೈಯೋದು ಅನ್ಯಾಯ. ಇನ್ನು ನಮ್ಮ ಕ್ವಾರಿ ರೋಡಿನ ಧೂಳು ಆಯಿಲ್‌ಗೆ ಸೇರೋದು ಹೆಚ್ಚಾಗಿ ಏರ್ ಫಿಲ್ಟರ್ ದಾಟಿ. ಏರ್ ಫಿಲ್ಟರ್‌ನ ಕೊಡವಿ ಕೊಡವಿ ವರ್ಷಗಟ್ಟಲೆ ಓಡಿಸೋರು ಆಯಿಲ್ ಫಿಲ್ಟರ್ ಬ್ರ್ಯಾಂಡ್ ಬಗ್ಗೆ ಚರ್ಚೆ ಮಾಡೋದು ನೋಡಿದ್ರೆ ನಗು ಬರುತ್ತೆ.

ನಾನು ಯಾವುದು ಹಾಕ್ತೀನಿ? ಮಧ್ಯದ್ದು. ಪ್ಯುರೊಲೇಟರ್, ಎಲೋಫಿಕ್, ಬಾಷ್, ಫ್ಲೀಟ್‌ಗಾರ್ಡ್, ಇಂಥವರಲ್ಲಿ ನನ್ನ ಎಂಜಿನ್ನಿನ ಪಾರ್ಟ್ ನಂಬರ್‌ಗೆ ಅವತ್ತು ಯಾವುದು ಸಿಗುತ್ತೋ ಅದು. ಫರಿದಾಬಾದಿನ ಎಲೋಫಿಕ್ ಆಗಲಿ, ಇಲ್ಲಿ ಮಾಹ್ಲೆ ಆನಂದ್ ಅವರು ಮಾಡೋ ಪ್ಯುರೊಲೇಟರ್ ಆಗಲಿ, ಫಿಲ್ಟರ್ ಮಾಡೋದೇ ಕಸುಬು ಮಾಡ್ಕೊಂಡಿರೋರು. ಈ ವರ್ಗದೊಳಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಮ್ಮಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಲೋಕಲ್‌ಗೆ ಇಳಿದು 150 ರೂಪಾಯಿ ಉಳಿಸೋದು ನನಗೆ ಅರ್ಥವೇ ಆಗಲ್ಲ. ಅದರ ಜೊತೆ ಹಾಕೋ ಆಯಿಲ್ಲೇ ಎರಡು ಸಾವಿರ ಆಗುತ್ತೆ.

ಈ ಹೆಸರುಗಳಿಗೇ ಡೂಪ್ಲಿಕೇಟ್ ಬರುತ್ತೆ, ಅದು ಇನ್ನೊಂದು ತಲೆನೋವು. ಬಾಕ್ಸ್ ಪ್ರಿಂಟ್ ಮಸುಕಾಗಿದೆಯಾ, ಎಂಆರ್‌ಪಿ ಮೇಲೆ ಇನ್ನೊಂದು ಸ್ಟಿಕ್ಕರ್ ಇದೆಯಾ ನೋಡಿ. ಬ್ಯಾಚ್ ನಂಬರ್ ಒಳಗಿನ ಫಿಲ್ಟರ್ ಡಬ್ಬದ ಮೇಲೂ ಇರಬೇಕು. ಕ್ಯೂಆರ್ ಕೋಡ್ ಇದ್ರೆ ಅಂಗಡೀಲೇ ನಿಂತು ಸ್ಕ್ಯಾನ್ ಮಾಡಿ. ಥ್ರೆಡ್‌ನಲ್ಲಿ ಲೋಹದ ಎಳೆ ಉಳಿದಿದ್ರೆ ವಾಪಸ್ ಕೊಡಿ, ಅದು ನೇರ ಎಂಜಿನ್‌ಗೆ ಹೋಗೋ ದಾರಿ. ಹಾಕಿದ ಮೇಲೆ ಖಾಲಿ ಬಾಕ್ಸ್ ಹರಿದು ಹಾಕಿ, ಹಳೇ ಫಿಲ್ಟರ್‌ಗೆ ಮೊಳೆ ಹೊಡೆದು ತೂತು ಮಾಡಿ. ನಿಮ್ಮ ಬಾಕ್ಸಲ್ಲೇ ಇನ್ಯಾರಿಗೋ ಟೋಪಿ ಹಾಕೋದು ಬೇಡ.

ಹಾಕೋದು ಬೇಗ ತೋರಿಸ್ಬಿಡ್ತೀನಿ. ಹಳೇ ಫಿಲ್ಟರ್ ತೆಗೆದಾಗ ಅದರ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟ್ಕೊಂಡೇ ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದು ಹಾಕಿದ್ರೆ ದಾರೀಲಿ ಆಯಿಲ್ ಪೂರ್ತಿ ಸುರಿದು ಹೋಗಬಹುದು. ಹೊಸ ರಿಂಗ್‌ಗೆ ಚೂರು ಆಯಿಲ್ ಸವರಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಕೈಯಿಂದಲೇ. ನಿಮ್ಮ ಫಿಲ್ಟರ್ ಮೇಲೆ ಬೇರೆ ಬರೆದಿದ್ರೆ ಅದರಂತೆ ಮಾಡಿ. ಪಾನಾ ಹಾಕಿ ಬಿಗಿಯೋ ಮೆಕ್ಯಾನಿಕ್ ಸಿಕ್ಕಿದ್ರೆ ಕೈ ಹಿಡಿದು ನಿಲ್ಲಿಸಿ. ಸ್ಟಾರ್ಟ್ ಮಾಡಿ, ರೇಸ್ ಕೊಡಬೇಡಿ, ಆಯಿಲ್ ಲೈಟ್ ಆರೋವರೆಗೆ ಸುಮ್ನಿರಿ. ಕೆಳಗೆ ಬಗ್ಗಿ ಸೋರಿಕೆ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ ಎಳೀರಿ. ಫಿಲ್ಟರ್ ಒಳಗೆ ಹೋದಷ್ಟು ಆಯಿಲ್ ಇಳಿದಿರುತ್ತೆ, ಅಷ್ಟು ತುಂಬಿಸಿ.

ಒಂದು ಬಿಟ್ಟು ಒಂದು ಸರ್ವೀಸ್‌ಗೆ ಫಿಲ್ಟರ್ ಬದಲಿಸಿದ್ರೆ ಸಾಲದಾ ಅಂತ ಕೇಳ್ತಾರೆ. ಇಲ್ಲಿ ನೋಡಿ, ನನ್ನ ಗಾಡಿಯಿಂದ ತೆಗೆದ ಹಳೇದನ್ನ ಬಟ್ಟಲಿಗೆ ಬೋರಲು ಹಾಕಿದೀನಿ. ಇಷ್ಟು ಕಪ್ಪು ಆಯಿಲ್ ಇದರೊಳಗೇ ಇತ್ತು. ಇದನ್ನ ಬಿಟ್ರೆ ಹೊಸ ಆಯಿಲ್‌ಗೆ ಮೊದಲ ನಿಮಿಷದಲ್ಲೇ ಸೇರುತ್ತೆ. ಪ್ರತಿ ಸಲವೂ ಬದಲಿಸಿ. ಈ ಹಳೇ ಆಯಿಲ್‌ನ ಕ್ಯಾನಿಗೆ ತುಂಬಿ ವೇಸ್ಟ್ ಆಯಿಲ್ ತಗೊಳ್ಳೋರಿಗೆ ಕೊಡಿ, ಚರಂಡಿಗೆ ಬೇಡ. ಮುಂದಿನ ವಿಡಿಯೋದಲ್ಲಿ ಡೀಸೆಲ್ ಫಿಲ್ಟರ್ ಬಿಚ್ತೀನಿ, ಅದರಲ್ಲಿ ನೀರು ಹೇಗೆ ಸೇರುತ್ತೆ, ಹೇಗೆ ಬಸಿಯೋದು ನೋಡೋಣ.