ಶಿವಡಿಯ ಕೆಸರಿನಲ್ಲಿ ಹೂತ ಏಳನೆಯ ಅಧ್ಯಾಯ

ನಮಸ್ಕಾರ. ಮುಂಬಯಿಯ ಶಿವಡಿ ಸ್ಟೇಶನ್ನಿನಿಂದ ಜೆಟ್ಟಿಯವರೆಗಿನ ದಾರಿ ನಿಮಗೆ ಕಾಣುತ್ತಲೇ ಇರುವುದರಿಂದ ಅದನ್ನು ವರ್ಣಿಸಲು ಹೋಗುವುದಿಲ್ಲ. ನಾನು ಬರೆಯುತ್ತಿರುವ ಮಕ್ಕಳ ಸಾಹಸಕತೆಯಲ್ಲಿ ಮಾಟುಂಗಾದ ಮೂವರು ಮಕ್ಕಳು ಇದೇ ದಾರಿಯಲ್ಲಿ, ಇದೇ ಲಾರಿಗಳ ನಡುವೆ ನುಸುಳಿ ಓಡುತ್ತಾರೆ. ಕತೆಯ ದೋಣಿ ನೀರಿಗೇಳುವ ಗಳಿಗೆಯನ್ನು ಚಿತ್ರೀಕರಿಸಬೇಕೆಂದು ಇಂದು ಕ್ಯಾಮೆರಾ ಹಿಡಿದು ಬಂದಿದ್ದೇನೆ.

ಕತೆಯ ಬೀಜ ಸಿಕ್ಕಿದ್ದು ಈ ಜೆಟ್ಟಿಯಲ್ಲಿಯೇ. ಇಳಿತದ ವೇಳೆ ಕೆಸರಿನ ಮೇಲೆ ಒಂದು ಮಗ್ಗುಲಿಗೆ ಒರಗಿ ಮಲಗಿರುವ ದೋಣಿಯೊಳಗೆ ಮೂವರೂ ಅಡಗಿಕೊಳ್ಳುತ್ತಾರೆ, ತಾಡಪತ್ರಿಯ ಕೆಳಗಿನ ಸೆಕೆಗೆ ನಿದ್ದೆಹೋಗುತ್ತಾರೆ, ಕಣ್ಣು ತೆರೆಯುವಷ್ಟರಲ್ಲಿ ಉಬ್ಬರ ಬಂದು, ಹಗ್ಗ ಕಳಚಿ, ದೋಣಿ ಸಮುದ್ರದ ಮೇಲೆ ಹಾದುಹೋಗುವ ಅಟಲ್ ಸೇತುವಿನ ಕಂಬಗಳತ್ತ ಸಾಗುತ್ತಿರುತ್ತದೆ. ಯಾವ ಖಳನೂ ತಳ್ಳದೆ, ಯಾವ ಮಂತ್ರವೂ ಇಲ್ಲದೆ, ಸಮುದ್ರವೇ ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವ ಆ ಪುಟವನ್ನು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾಹಸಕತೆ ಬರೆಯುವ ಸುಖವೆಂದರೆ ನನಗೆ ಇದೇ: ಐವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಯಾರ ಅಪ್ಪಣೆಯನ್ನೂ ಕೇಳದೆ ದೋಣಿ ಹತ್ತಿ ಹೋಗಬಹುದು.

ಈಗ ಪರದೆಯ ಮೇಲೆ ನೋಡಿ. ಸಮಯ ಮಧ್ಯಾಹ್ನ ಹನ್ನೆರಡೂವರೆ. ನೀರು ಎಲ್ಲಿದೆ? ಇದೇ ಜಾಗದಲ್ಲಿ, ಕಳೆದ ಶನಿವಾರ, ಇದೇ ಹೊತ್ತಿಗೆ ದೋಣಿಗಳು ತೇಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡು ಟಿಪ್ಪಣಿ ಮಾಡಿಕೊಂಡಿದ್ದೆ. ಆ ಟಿಪ್ಪಣಿಯನ್ನು ನಂಬಿ, ಮೂರನೆಯ ಅಧ್ಯಾಯದ ಶನಿವಾರದಂದು ತೇಲಿದ ದೋಣಿಯನ್ನು ಏಳನೆಯ ಅಧ್ಯಾಯದ ಮುಂದಿನ ಶನಿವಾರವೂ ಹನ್ನೆರಡೂವರೆಗೇ ತೇಲಿಸಿ, ಮಕ್ಕಳನ್ನು ಕಳ್ಳರಿಂದ ಪಾರುಮಾಡಿ, ಅಧ್ಯಾಯವನ್ನು ಮುಗಿಸಿ ಬೀಗಿದ್ದೆ. ಇಂದು ಕಾಣುತ್ತಿರುವುದು ಕೆಸರು, ಅದರಾಚೆಗೂ ಕೆಸರು, ಅದರ ಕೊನೆಯಲ್ಲಿ ಗುಲಾಬಿ ಗೆರೆಯಂತೆ ರಾಜಹಂಸಗಳು. ಮೊದಲ ಹತ್ತು ನಿಮಿಷ ನಾನು ಸಮುದ್ರದ ಮೇಲೆಯೇ ಸಿಟ್ಟಾಗಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ದೋಣಿಗೆ ಬಣ್ಣ ಬಳಿಯುತ್ತಿದ್ದ ಹಿರಿಯರೊಬ್ಬರು ನನ್ನ ಪೇಚಾಟವನ್ನು ನೋಡಿ, ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ಆಜ್ ತಿಥಿ ಕುಠಲೀ, ತಾಈ?” ಇವತ್ತು ಯಾವ ತಿಥಿ, ಅಕ್ಕಾ, ಎಂದು. ಇಂದು ಅಷ್ಟಮಿ, ಕಳೆದ ಶನಿವಾರ ಹುಣ್ಣಿಮೆಯ ಮರುದಿನ. ಉಬ್ಬರ ನಡೆಯುವುದು ಚಂದ್ರನ ಲೆಕ್ಕದಲ್ಲಿ, ಹಾಗಾಗಿ ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷಗಳಷ್ಟು ತಡವಾಗುತ್ತಾ ಹೋಗುತ್ತದೆ. ಏಳು ದಿನಗಳಿಗೆ 350 ನಿಮಿಷ, ಎಂದರೆ ಹತ್ತಿರ ಹತ್ತಿರ ಆರು ಗಂಟೆ. ಎರಡು ಉಬ್ಬರಗಳ ನಡುವಿನ ಅಂತರ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷವಾದ್ದರಿಂದ, ಒಂದು ವಾರದ ಬಳಿಕ ಅದೇ ಹೊತ್ತಿಗೆ ಬಂದವನಿಗೆ ಸಿಗುವುದು ತಪ್ಪದೆ ಇಳಿತವೇ. ನಾನು ಎಲ್ಲ ಬಿಟ್ಟು ಏಳೇ ದಿನಗಳ ಅಂತರವನ್ನು ಆರಿಸಿಕೊಂಡಿದ್ದೆ! ಅದಲ್ಲದೆ ಅಷ್ಟಮಿಯ ಉಬ್ಬರಕ್ಕೆ ಹುಣ್ಣಿಮೆಯ ಎತ್ತರವೂ ಇಲ್ಲ. ದಡದ ಮೇಲ್ಭಾಗಕ್ಕೆ ಎಳೆದಿಟ್ಟ ದೋಣಿಯನ್ನು ಸಂಜೆಯವರೆಗೆ ಕಾದರೂ ಆ ನೀರು ಎತ್ತಲಾರದು. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಪಂಚಾಂಗವೊಂದು ತೂಗುತ್ತಿದೆ. ಹಾಲಿನ ಲೆಕ್ಕ ಬರೆಯುವುದಕ್ಕಲ್ಲದೆ ನಾನು ಅದನ್ನು ಮುಟ್ಟಿದವಳಲ್ಲ.

ಮಕ್ಕಳ ಕತೆಯಲ್ಲಿ ಇಷ್ಟೊಂದು ಲೆಕ್ಕ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ಮಕ್ಕಳೇ ನೋಡುತ್ತಾರೆ. ತಂಗಿಯ ಮಗಳಿಗೆ ಹನ್ನೊಂದು ವರ್ಷ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳಾದ್ದರಿಂದ ನಾನೇ ಓದಿ ಹೇಳುತ್ತೇನೆ. ಕೋಟೆಯ ಕತ್ತಲ ಕೋಣೆಯ ಪುಟಕ್ಕೆ ಅವಳು ಬೆಚ್ಚುವಳೆಂದು ಕಾದಿದ್ದರೆ, “ದೊಡ್ಡಮ್ಮ, ಇವರು ಬೆಳಗ್ಗೆಯಿಂದ ಏನೂ ತಿಂದೇ ಇಲ್ವಲ್ಲ?” ಎಂದಳು. ಅಂದಿನಿಂದ ಮೂವರ ಚೀಲದಲ್ಲೂ ವಡಾಪಾವ್ ಇದೆ. ಮೊಬೈಲಿನ ಬ್ಯಾಟರಿ ಮುಗಿಯಿತೆಂದು ಬರೆದಿದ್ದ ಜಾಣತನವನ್ನೂ ಅವಳು ಒಪ್ಪಲಿಲ್ಲ, ಏಕೆಂದರೆ ಅವಳ ಗೆಳತಿಯರ ಚೀಲದಲ್ಲಿ ಪವರ್ ಬ್ಯಾಂಕ್ ಇರುತ್ತದೆ. ಮೊಬೈಲನ್ನು ಕೊನೆಗೆ ಕೆಸರಿಗೇ ಬೀಳಿಸಬೇಕಾಯಿತು.

ಅಲ್ಲಿ ಮೇಲೆ ಕಾಣುತ್ತಿರುವುದು ಶಿವಡಿ ಕೋಟೆ, 1680ರಲ್ಲಿ ಇಂಗ್ಲಿಷರು ಕಟ್ಟಿಸಿದ್ದು. 1689ರಲ್ಲಿ ಮೊಘಲರ ನೌಕಾಧಿಪತಿ ಸಿದ್ದಿ ಯಾಕೂತ್ ಖಾನನ ಪಡೆ ಅದನ್ನು ವಶಪಡಿಸಿಕೊಂಡಿತು. ಕೋಟೆಯೆಂದರೆ ನಿಧಿ ಇರಲೇಬೇಕೆಂಬುದು ಸೋಮಾರಿತನವೆಂದು ಹಿಂದಿನ ವಿಡಿಯೊದಲ್ಲಿ ನಾನು ಖಂಡತುಂಡವಾಗಿ ಹೇಳಿದ್ದೆ. ಈಗ ಆ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ದಾಳಿಯ ರಾತ್ರಿ ಅವಸರದಲ್ಲಿ ಯಾರೋ ಹೂತಿಟ್ಟ ಒಂದು ಚಿಕ್ಕ ಪೆಟ್ಟಿಗೆಯಾದರೆ ಅಡ್ಡಿಯಿಲ್ಲ. ಬಂಗಾರ ಮಾತ್ರ ಬೇಡ. ದೊಡ್ಡವರು ಕತೆಯೊಳಗೆ ಬರಲೇಬಾರದೆಂದೂ ಹೇಳಿದ್ದೆನಲ್ಲವೇ? ಅದೂ ಇಂದು ಬಿದ್ದುಹೋಯಿತು. ಬಣ್ಣದ ಕುಂಚ ಹಿಡಿದು ತಿಥಿ ಕೇಳುವ ಹಿರಿಯರೊಬ್ಬರು ಕತೆಗೆ ಬೇಕೇ ಬೇಕು.

ಏಳನೆಯ ಅಧ್ಯಾಯವನ್ನು ಕಿತ್ತೆಸೆಯುವುದಿಲ್ಲ. ನಾನು ಮಾಡಿದ ತಪ್ಪನ್ನೇ ಕಳ್ಳರಿಂದ ಮಾಡಿಸುತ್ತೇನೆ: ಕಳೆದ ವಾರ ತೇಲಿತ್ತೆಂದು ಅವರು ಹನ್ನೆರಡೂವರೆಗೆ ಪೆಟ್ಟಿಗೆ ಹೊತ್ತು ದೋಣಿಯೊಳಗೆ ಕುಳಿತು, ಬಾರದ ನೀರಿಗಾಗಿ ಕಾಯುತ್ತಾರೆ. ಅಜ್ಜಿಯ ಏಕಾದಶಿ ಉಪವಾಸದ ದಿನ ಸಾಬುದಾನೆ ಖಿಚಡಿಗಾಗಿ ತಿಥಿ ಎಣಿಸುವ ಕಿರಿಯ ಹುಡುಗಿಗೆ ಮಾತ್ರ ನೀರು ಬಾರದೆಂಬುದು ಗೊತ್ತಿರುತ್ತದೆ. ಮಕ್ಕಳು ಓಡಬೇಕಾಗಿಯೇ ಇಲ್ಲ, ಜೆಟ್ಟಿಯ ಮೇಲೆ ಕುಳಿತು ವಡಾಪಾವ್ ತಿನ್ನುತ್ತಾ ಪೊಲೀಸರ ದಾರಿ ಕಾಯಬಹುದು.

ಕ್ಯಾಮೆರಾ ಕೆಂಪು ದೀಪ ತೋರಿಸುತ್ತಿದೆ. ದೋಣಿ ತೇಲುವ ದೃಶ್ಯವನ್ನು ನಿಮಗೆ ತೋರಿಸಲಾಗಲಿಲ್ಲ; ಅಮಾವಾಸ್ಯೆಯ ದಿನ ಮಧ್ಯಾಹ್ನ ಮತ್ತೆ ಬರುತ್ತೇನೆ. ಅದು ಯಾವ ವಾರ ಬೀಳುತ್ತದೆಂಬುದನ್ನು ಮನೆಗೆ ಹೋಗಿ ಗೋಡೆ ನೋಡಿ ಹೇಳುತ್ತೇನೆ.