ಪೊಟ್ಯಾಸಿಯಂ ಬಾಗಿಲು ಎಲ್ಲಿದೆ?

ಕೇಳುಗರೇ, ನಮಸ್ಕಾರ.

ಕೆರೆ ಏರಿಯ ಬುಡದಲ್ಲಿ ತೂಬಿದ್ದರೆ ಊರಿಗೆ ಅನುಕೂಲ. ಅಷ್ಟೇ ಅಗಲದ ಕಿಂಡಿ ಕಾಲುವೆಯ ಬದುವಿನಲ್ಲಿ ಬಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ನರಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಪುಟ್ಟ ಬಾಗಿಲುಗಳಿವೆ, ಅವೇ ಪೊಟ್ಯಾಸಿಯಂ ಚಾನೆಲ್‌ಗಳು. ಅವುಗಳದ್ದೂ ಇದೇ ಕಥೆ.

ನರಕೋಶದೊಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ ಇದ್ದರೆ ಹೊರಗಿರುವುದು 4ರ ಆಸುಪಾಸು. ಚಾನೆಲ್ ತೆರೆದೊಡನೆ ಪೊಟ್ಯಾಸಿಯಂ ಧನ ವಿದ್ಯುದಂಶ ಹೊತ್ತು ಹೊರಗೆ ಹೋಗುತ್ತದೆ. ಒಳಗಿನ ವೋಲ್ಟೇಜು ಮೈನಸ್ 90 ಮಿಲಿವೋಲ್ಟ್‌ನ ಕಡೆಗೆ ಇಳಿಯುತ್ತದೆ. ಸೋಡಿಯಂ ಒಳಬಂದು ನರದ ವಿದ್ಯುತ್ ಸಂಕೇತವನ್ನು ಎಬ್ಬಿಸುತ್ತದೆ, ಪೊಟ್ಯಾಸಿಯಂ ಹೊರಹೋಗಿ ಅದನ್ನು ಮಲಗಿಸುತ್ತದೆ. ಬ್ರಿಟನ್ನಿನ ವಿಜ್ಞಾನಿಗಳಾದ ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಇದನ್ನು ಲೆಕ್ಕ ಸಮೇತ ತೋರಿಸಿದರು. ಆ ತಂತುವಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇಲ್ಲ. ನಮ್ಮಲ್ಲಿ ಇದೆ, ಜಾಗದ ತಕರಾರು ಹುಟ್ಟುವುದೇ ಅಲ್ಲಿ.

ಅದಕ್ಕೂ ಮೊದಲು ಕೋಶದ ಇನ್ನೆರಡು ಜಾಗ ನೋಡಿಬಿಡೋಣ. ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ನರಕೋಶಗಳಲ್ಲಿ, ಸಂಕೇತ ಪಡೆಯುವ ಡೆಂಡ್ರೈಟ್ ಎಂಬ ಕೊಂಬೆಯ ಮೇಲೆ ದೂರ ಹೋದಷ್ಟೂ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್ ದಟ್ಟವಾಗುತ್ತದೆ. ಇಲಿಯ ಮೆದುಳಿನಲ್ಲಿ ಇದನ್ನು ಅಳೆದದ್ದು 1997ರಲ್ಲಿ. ಕೋಶಕಾಯದಿಂದ ಹಿಂದಕ್ಕೆ ಹರಿಯುವ ಸಂಕೇತ ಕೊಂಬೆಯ ತುದಿ ತಲಪುವಷ್ಟರಲ್ಲಿ ಸೊರಗುವುದು ಬಹುಮಟ್ಟಿಗೆ ಇದರಿಂದಲೇ. ಇನ್ನೊಂದು ಜಾಗ ಆಕ್ಸಾನ್, ಅಂದರೆ ಸಂಕೇತ ಒಯ್ಯುವ ನರತಂತು, ಹೊರಡುವ ಮೊದಲ ತುಂಡು, ಸಂಕೇತ ಹುಟ್ಟುವ ಸ್ಥಳ. ಅಲ್ಲಿ ಕೆವಿ 7 ಎಂಬ ಗುಂಪಿನ ಪೊಟ್ಯಾಸಿಯಂ ಚಾನೆಲ್‌ಗಳು ಕಾವಲಿವೆ. ಅವುಗಳ ವಂಶವಾಹಿಯಲ್ಲಿ ದೋಷವಿದ್ದರೆ ಹುಟ್ಟಿದ ಮೊದಲ ವಾರದಲ್ಲೇ ಮಗುವಿಗೆ ಫಿಟ್ಸ್ ಕಾಣಿಸಬಹುದು.

ಈಗ ಮೈಲಿನ್‌ಗೆ ಬರೋಣ. ಹೊದಿಕೆ ಉದ್ದಕ್ಕೂ ಒಂದೇ ಆಗಿರುವುದಿಲ್ಲ. ನಡುನಡುವೆ ಸುಮಾರು ಒಂದು ಮೈಕ್ರೋಮೀಟರ್‌ನಷ್ಟು ತಂತು ಬರಿಮೈ. ಇವಕ್ಕೆ ರಾನ್ವಿಯೆ ಗಂಟುಗಳೆಂದು ಹೆಸರು. ಸೋಡಿಯಂ ಚಾನೆಲ್‌ಗಳು ಇಲ್ಲಿ ಕಿಕ್ಕಿರಿದಿದ್ದು, ಸಂಕೇತ ಗಂಟಿನಿಂದ ಗಂಟಿಗೆ ಜಿಗಿಯುತ್ತದೆ. ಗಂಟಿನ ಎರಡೂ ಬದಿ ಮೈಲಿನ್ ತಂತುವಿಗೆ ಬಿಗಿಯಾಗಿ ಅಂಟಿ ಮೊಹರು ಹಾಕಿದಂತಿರುತ್ತದೆ. ಆ ಮೊಹರಿನಾಚೆ, ಹೊದಿಕೆಯ ಅಡಿಯಲ್ಲಿ, ಕೆವಿ 1.1 ಮತ್ತು ಕೆವಿ 1.2 ಎಂಬ ಪೊಟ್ಯಾಸಿಯಂ ಚಾನೆಲ್‌ಗಳು ಗುಂಪುಗಟ್ಟಿವೆ. ಆರೋಗ್ಯವಂತ ತಂತುವಿನಲ್ಲಿ ಇವಕ್ಕೆ ಹೆಚ್ಚು ಕೆಲಸವಿಲ್ಲ. ಗಂಟಿನ ಸಂಕೇತ ಮೊಹರು ದಾಟಿ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ.

ಈ ಚಾನೆಲ್‌ಗಳನ್ನು ಅದೇ ಜಾಗದಲ್ಲಿ ಹಿಡಿದಿಡುವ ಪ್ರೋಟೀನುಗಳಲ್ಲಿ ಒಂದು ಕ್ಯಾಸ್ಪರ್-2. ಕೆಲವರ ದೇಹ ಇದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಆಗ ನರಗಳು ಕೆರಳಿ, ಸ್ನಾಯುಗಳು ನಿದ್ದೆಯಲ್ಲೂ ಅದುರುತ್ತವೆ. ಬಾಗಿಲು ನೆಟ್ಟಗಿದೆ, ಏಟು ಬಿದ್ದಿರುವುದು ಚೌಕಟ್ಟಿಗೆ. ವರ್ಷಗಟ್ಟಲೆ ಇವನ್ನು ಪೊಟ್ಯಾಸಿಯಂ ಚಾನೆಲ್‌ನ ಪ್ರತಿಕಾಯಗಳೆಂದೇ ಕರೆದರು; ನಿಜವಾದ ಗುರಿ ಗೊತ್ತಾದದ್ದು 2010ರಲ್ಲಿ.

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಕೆಡುವುದು ಹೊದಿಕೆ. ಮೈಲಿನ್ ಕಳಚಿ ಮೊಹರು ಬಿಟ್ಟಾಗ ಅಡಗಿದ್ದ ಚಾನೆಲ್‌ಗಳು ಬಯಲಿಗೆ ಬೀಳುತ್ತವೆ, ತಂತುವಿನುದ್ದಕ್ಕೂ ಚದುರುತ್ತವೆ. ಹಿಂದಿನ ಗಂಟಿನಿಂದ ಬಂದ ವಿದ್ಯುತ್ತು, ಬದುವಿನ ಏಡಿ ಬಿಲದಲ್ಲಿ ನೀರು ಹೋದಂತೆ, ದಾರಿಯಲ್ಲೇ ಸೋರುತ್ತದೆ. ಮುಂದಿನ ಗಂಟು ಏಳಲು ಬೇಕಾದಷ್ಟು ಉಳಿಯದಿದ್ದರೆ ಸಂಕೇತ ಅಲ್ಲೇ ಮುಗಿಯಿತು. ಕಾಲು ತಡವರಿಸುತ್ತದೆ.

ಆ ಬಿಲ ಮುಚ್ಚುವ ಮದ್ದು 4-ಅಮೈನೋಪಿರಿಡಿನ್. ನಿಧಾನವಾಗಿ ಕರಗುವ 10 ಮಿಲಿಗ್ರಾಂ ಮಾತ್ರೆಯನ್ನು, ನಡಿಗೆ ಸುಧಾರಿಸಲೆಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಒಪ್ಪಿತು. ಪ್ರಯೋಗಗಳಲ್ಲಿ ಸ್ಪಷ್ಟ ಪ್ರಯೋಜನ ಕಂಡದ್ದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ. ಇದು ಮೈಲಿನ್ ಕಟ್ಟುವುದಿಲ್ಲ, ರೋಗವನ್ನೂ ತಡೆಯುವುದಿಲ್ಲ.

ತೊಡಕೆಂದರೆ ಈ ಮದ್ದಿಗೆ ವಿಳಾಸ ಓದಲು ಬರುವುದಿಲ್ಲ. ನರದ ತುದಿಯಲ್ಲೂ ಪೊಟ್ಯಾಸಿಯಂ ಚಾನೆಲ್‌ಗಳಿದ್ದು, ಸಂಕೇತವನ್ನು ಬೇಗ ಮುಗಿಸುವುದು ಅವುಗಳ ಕೆಲಸ. ಅವೂ ಮುಚ್ಚಿದರೆ ಸಂಕೇತ ಉದ್ದವಾಗಿ, ಕ್ಯಾಲ್ಸಿಯಂ ಹೆಚ್ಚು ಒಳನುಗ್ಗಿ, ನರರಾಸಾಯನಿಕ ಅತಿಯಾಗಿ ಸುರಿಯುತ್ತದೆ. ಮೆದುಳಿನಲ್ಲಿ ಇದು ಮಿತಿ ಮೀರಿದರೆ ಫಿಟ್ಸ್. ಆದ್ದರಿಂದಲೇ ಎರಡು ಮಾತ್ರೆಗಳ ನಡುವೆ 12 ಗಂಟೆಯ ಅಂತರವಿರಬೇಕು. ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ಮದ್ದು ಒಮ್ಮೆಲೇ ರಕ್ತಕ್ಕಿಳಿಯುತ್ತದೆ, ಹಾಗೆ ಮಾಡಬಾರದು. ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಮದ್ದು ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಮೂಲಕ. ಅದು ದುರ್ಬಲವಾಗಿದ್ದರೆ 10 ಮಿಲಿಗ್ರಾಂ ಕೂಡ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಆದ್ದರಿಂದ ಮೊದಲ ಮಾತ್ರೆಗೂ ಮುಂಚೆ ವೈದ್ಯರು ಎರಡು ವಿಷಯ ಕೇಳುತ್ತಾರೆ: ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಹಿಂದೆಂದಾದರೂ ಫಿಟ್ಸ್ ಬಂದಿತ್ತೇ.

ನಮಸ್ಕಾರ.