ಟೇಬಲ್ ಬಿಡ್ರಪ್ಪಾ, ಸಿ ಇಂದ ಶುರು ಮಾಡಿ!

ನಮಸ್ಕಾರ ಎಲ್ರಿಗೂ. ಇವತ್ತು ಬೇರೆ ಟಾಪಿಕ್ ಇತ್ತು, ಆದ್ರೆ ಬೆಳಿಗ್ಗೆ ಒಂದು ಕಾಮೆಂಟ್ ಓದ್ದೆ ನೋಡಿ, ಕೈಯಲ್ಲಿದ್ದ ಕಾಫಿ ಹಂಗೇ ಆರೋಯ್ತು. "ಟೇಬಲ್ ಹಾಕ್ದೆ ಗ್ರಾಫ್ ಎಳೀಬೋದು ಅಂತ ಹೇಳಿ ಮಕ್ಕಳ ದಾರಿ ತಪ್ಪಿಸ್ಬೇಡಿ ಸರ್." ದಾರಿ ತಪ್ಪಿಸ್ತಿರೋದು ನಾನಾ? ನಾನ್ ಹೇಳಿದ್ದಿಷ್ಟೇ: ಸರಳರೇಖೆ ಗ್ರಾಫ್‌ಗೆ, ಎಕ್ಸ್‌ಗೆ ಒಂದೊಂದೇ ಬೆಲೆ ಹಾಕಿ ವೈ ಕಂಡುಹಿಡಿಯೋ ಟೇಬಲ್ ಬೇಡ, ವೈ = ಎಂಎಕ್ಸ್ + ಸಿ ಅಂತ ಬರ್ಕೊಂಡ್ರೆ ಸಾಕು. ಸಿ ಅಂದ್ರೆ ಗೀಟು ವೈ ಅಕ್ಷನ ಮುಟ್ಟೋ ಜಾಗ, ಎಂ ಅಂದ್ರೆ ಸ್ಲೋಪ್, ಗೀಟು ಎಷ್ಟು ಓರೆ ಅನ್ನೋದು.

ಮೊನ್ನೆ ನಮ್ಮಕ್ಕನ ಮಗಳು, ಎಸ್ಸೆಸ್ಸೆಲ್ಸಿ, 2ಎಕ್ಸ್ - 3ವೈ = 6 ಇಟ್ಕೊಂಡು ಒದ್ದಾಡ್ತಿದ್ಲು. ಎಕ್ಸ್‌ಗೆ 1 ಹಾಕಿದ್ಲು, ವೈ ಮೈನಸ್ 4 ಬೈ 3. 2 ಹಾಕಿದ್ಲು, ಮೈನಸ್ 2 ಬೈ 3. ಸೆಂಟಿಮೀಟರ್‌ಗೆ ಹತ್ತೇ ಸಣ್ಣ ಮನೆ ಇರೋ ಶೀಟಲ್ಲಿ ಮೂರನೇ ಒಂದು ಭಾಗ ಎಲ್ಲಿ ಹುಡುಕ್ತಾಳೆ, ರಬ್ಬರ್ ಉಜ್ಜಿ ಉಜ್ಜಿ ಪೇಪರೇ ತೂತಾಗಿತ್ತು. ನಾನಂದೆ, ವೈ ಒಂದನ್ನೇ ಒಂದ್ ಕಡೆ ತಗೋ ಪುಟ್ಟಿ. ವೈ = 2/3 ಎಕ್ಸ್ - 2. ಸಿ ಎಷ್ಟು? ಮೈನಸ್ 2. ವೈ ಅಕ್ಷದ ಮೇಲೆ ಅಲ್ಲಿ ಪೆನ್ಸಿಲ್ ಇಡು. ಎಂ 2/3, ಅಂದ್ರೆ ಬಲಕ್ಕೆ 3 ಮನೆ, ಮೇಲಕ್ಕೆ 2 ಮನೆ. (3, 0) ಬಂತಾ? ಇನ್ನೊಂದ್ಸಲ ಹಂಗೇ ಹೋಗು, (6, 2). ಸ್ಕೇಲ್ ಇಟ್ಟು ಎಳಿ. "ಅಷ್ಟೇನಾ ಮಾಮ?" ಅಷ್ಟೇ ಕಣೆ! ಎಂ ಮೈನಸ್ ಇದ್ರೆ ಮೇಲಕ್ಕಲ್ಲ, ಕೆಳಕ್ಕೆ.

ಟೇಬಲ್ ಹಾಕೋರಿಗೆ ಗೀಟು ಬರುತ್ತೆ, ಗೀಟು ಯಾಕೆ ಹಂಗಿದೆ ಅಂತ ಬರಲ್ಲ. ಪುಸ್ತಕದಲ್ಲಿ ಎರಡು ರೈಲು ಹಳಿ ಒಂದನ್ನೊಂದು ಸೇರುತ್ವಾ ಅನ್ನೋ ಲೆಕ್ಕ ಇದ್ಯಲ್ಲ, ಎಕ್ಸ್ + 2ವೈ = 4, 2ಎಕ್ಸ್ + 4ವೈ = 12. ಎರಡರದ್ದೂ ಎಂ ಮೈನಸ್ ಅರ್ಧ, ಸಿ ಮಾತ್ರ ಒಂದರದ್ದು 2, ಇನ್ನೊಂದರದ್ದು 3. ಓರೆ ಒಂದೇ, ಶುರುವಾಗೋ ಜಾಗ ಬೇರೆ, ಸೇರೋದೇ ಇಲ್ಲ ಅಂತ ಪೆನ್ಸಿಲ್ ಮುಟ್ಟೋಕ್ ಮುಂಚೆನೇ ಗೊತ್ತಾಯ್ತು!

ಆಟೋ ಚಾರ್ಜ್ ತಗೊಳ್ಳಿ, ಎಕ್ಸ್ ಕಿಲೋಮೀಟರ್, ವೈ ರೂಪಾಯಿ. ಬೆಂಗಳೂರಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರ್‌ಗೆ 36, ಆಮೇಲೆ ಕಿಲೋಮೀಟರ್‌ಗೆ 18. (ಮೀಟರ್ ಹಾಕೋ ಆಟೋ ಸಿಕ್ರೆ ನನಗೂ ಒಂದು ಮೆಸೇಜ್ ಹಾಕಿ.) ಸಿ ಎಷ್ಟು ಅಂದ್ರೆ ಇಡೀ ಬ್ಯಾಚು 36 ಅಂತ ಕೂಗುತ್ತೆ. ಅಲ್ರಪ್ಪಾ! 36 ಇರೋದು 2ನೇ ಕಿಲೋಮೀಟರ್ ಹತ್ರ, ಅಲ್ಲಿಂದ ಆ ಓರೆ ಗೀಟನ್ನ ಹಿಂದಕ್ಕೆ ಎಳ್ಕೊಂಡ್ ಬನ್ನಿ, 18, ಇನ್ನೊಂದು 18 ಇಳಿದ್ರೆ ಸೊನ್ನೆ, ನೆಟ್ಟಗೆ ಮೂಲಬಿಂದು. ಹಳೇ ರೇಟು 30, 15ರದ್ದೂ ಅದೇ ಕಥೆ. ರೇಟ್ ಜಾಸ್ತಿ ಆದಾಗ ಸಿ ಅಲ್ಲಾಡ್ಲಿಲ್ಲ, ಸ್ಲೋಪ್ ಕಡಿದಾಯ್ತು ಅಷ್ಟೇ. ಟೇಬಲಲ್ಲಿ ಕಾಣುತ್ತಾ ಇದು? ಕಾಣಲ್ಲ!

"ಎಕ್ಸ್ = 4ಕ್ಕೆ ಸ್ಲೋಪೇ ಇಲ್ವಲ್ಲ ಸರ್, ಏನ್ಮಾಡ್ತೀರಾ?" ಅಂತ ಇನ್ನೊಬ್ರು ಬುದ್ಧಿವಂತರು. ಹೌದು ಸ್ವಾಮಿ, ಇಲ್ಲ. 4ರ ಹತ್ರ ನೆಟ್ಟಗೆ ನಿಲ್ಲೋ ಗೀಟಿಗೆ ಟೇಬಲ್ ತಾನೇ ಯಾಕೆ, ಪೂಜೆ ಮಾಡೋಕಾ?

ಮಾರ್ಕ್ಸ್ ಹೋಗುತ್ತಂತೆ. ಸರಿ, ಟೇಬಲ್ ಕೇಳಿದ್ರೆ ಬರೀರಿ, ಆದ್ರೆ ಮೊದ್ಲು ಗೀಟು ಎಳೀರಿ, ಆಮೇಲೆ ಗೀಟು ನೋಡ್ಕೊಂಡು ಟೇಬಲ್ ತುಂಬ್ಸಿ! ನಾನು ಇದನ್ನ ಹೇಳ್ಬಾರ್ದಿತ್ತೇನೋ, ಹೇಳಾಯ್ತು. ಸಬ್‌ಸ್ಕ್ರೈಬ್ ಮಾಡಿ, ಗ್ರಾಫ್ ಶೀಟ್ ಪಿಡಿಎಫ್ ಕೆಳಗಿದೆ, ಫ್ರೀ. ಕಾಮೆಂಟ್ ಹಾಕಿದ ಸರ್, ನೀವೂ ಡೌನ್‌ಲೋಡ್ ಮಾಡ್ಕೊಳ್ಳಿ, ಸಿ ಮೇಲೆ ಪೆನ್ಸಿಲ್ ಇಡಿ, ಸಿ ಮೇಲೆ! ಟೇಬಲ್ ಮೇಲಲ್ಲ!